ನೀರು ಹಿಡಿದಿಡುವ ಗ್ಲಿಸರಿನ್

ಮೂವತ್ತೈದು ವರ್ಷ ನೋಟು ಎಣಿಸಿದ ಬೆರಳುಗಳು ನನ್ನವು. ಚಳಿಗಾಲದಲ್ಲಿ ತುದಿ ಬಿರಿದು, ಶಾಲೆಗೆ ಬಿಡಲು ಕೈ ಹಿಡಿದರೆ ಮೊಮ್ಮಗಳು "ಚುಚ್ಚುತ್ತೆ ತಾತ" ಎಂದು ಬಿಡಿಸಿಕೊಳ್ಳುತ್ತಿದ್ದಳು. ಗ್ಲಿಸರಿನ್ ಹಚ್ಚತೊಡಗಿದ ಮೇಲೆ ಬಿಡಿಸಿಕೊಳ್ಳುವುದಿಲ್ಲ.

ಮಕ್ಕಳೇ, ತೆಂಗಿನೆಣ್ಣೆಯಿಂದ ಸೋಪು ಮಾಡುವಾಗ ಹುಟ್ಟುವ ಸಿಹಿ ದ್ರವವಿದು. 1779ರಲ್ಲಿ ಸ್ವೀಡನ್ನಿನ ಷೀಲೆ ಇದನ್ನು ಆಲಿವ್ ಎಣ್ಣೆಯಿಂದ ಪಡೆದರು. ನೀರನ್ನು ಸೆಳೆದು ಹಿಡಿದಿಡುವುದೇ ಇದರ ಗುಣ. ಆದರೆ ಬರೀ ಗ್ಲಿಸರಿನ್ ಹಚ್ಚಬೇಡಿ. ಒಣಹವೆಯಲ್ಲಿ ಅದು ಚರ್ಮದೊಳಗಿನ ನೀರನ್ನೇ ಎಳೆಯುತ್ತದೆ. ಬ್ಯಾಂಕಿನಂತೆ ಇಲ್ಲಿಯೂ ಮೊದಲು ಜಮೆ ಇರಬೇಕು. ಒಂದು ಚಮಚಕ್ಕೆ ನಾಲ್ಕು ಚಮಚ ಪನ್ನೀರು ಬೆರೆಸಿ, ಸ್ನಾನವಾದೊಡನೆ ಒದ್ದೆ ಚರ್ಮಕ್ಕೆ ಸವರಿ, ಮೇಲೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ.

ಮನೆಯಲ್ಲಿ ಬೆರೆಸಿದ್ದು ಬೇಗ ಕೆಡುತ್ತದೆ. ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ.