ಬಾದಾಮಿಗೆ ಹೊರಟ ಪುಟ್ಟ ಕ್ಯಾಮೆರಾ

ಮೊಬೈಲಿನಲ್ಲೇ ಇಷ್ಟು ಚೆಂದದ ಫೋಟೋ ಬರುವಾಗ ಬೇರೆ ಕ್ಯಾಮೆರಾ ಯಾಕೆ ಎಂಬುದು ನಮ್ಮ ಸಂಘದ ತರುಣ ತರುಣಿಯರೆಲ್ಲರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇಡೀ ಜಗತ್ತೇ ಹಾಗೆ ಕೇಳಿ, ಮೊಬೈಲಿಗೆ ಓಟು ಹಾಕಿ ಆಗಿದೆ. 2010ರಲ್ಲಿ ಕಂಪನಿಗಳು ಹತ್ತು ಕೋಟಿಗೂ ಮೀರಿ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಕಳಿಸಿದ್ದವು; 2023ರಲ್ಲಿ ಆ ಸಂಖ್ಯೆ 20 ಲಕ್ಷವನ್ನೂ ಮುಟ್ಟಲಿಲ್ಲ. ಹೀಗಿರುವಾಗ ಐವತ್ತು ದಾಟಿದ, ಮೂವತ್ತು ವರ್ಷ ಕ್ಯಾಮೆರಾ ಮುಟ್ಟದ ಡೊಂಬಿವಲಿಯ ಗೃಹಿಣಿಯೊಬ್ಬಳು ಮನೆಖರ್ಚಿನಲ್ಲಿ ಉಳಿಸಿದ 27,500 ರೂಪಾಯಿ ಕೊಟ್ಟು, ಅದೂ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಳೆಂದರೆ ನಗು ಬರುವುದು ಸಹಜ. ಆ ಗೃಹಿಣಿ ನಾನೇ. ಯಾಕೆ ಕೊಂಡೆ, ಹೇಗೆ ಆರಿಸಿದೆ, ಅದನ್ನು ಹಿಡಿದು ಎಲ್ಲಿಗೆ ಹೋದೆ ಎಂಬುದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುವವರೂ ಇದ್ದೀರಿ ಎಂದು ಗೊತ್ತು. ಅವಸರವಿಲ್ಲ, ನಿಧಾನವಾಗಿಯೇ ಓದಿ.

ಬಿ.ಎ. ಓದುತ್ತಿದ್ದಾಗ ಅಪ್ಪನ ಯಾಶಿಕಾ ಎಂ.ಎಫ್-2 ನನ್ನ ಕೈಗೆ ಬಂತು. ಫೋಕಸ್ ಮಾಡುವ ಗೋಜಿಲ್ಲ, ಎದುರು ಹಿಡಿದು ಒತ್ತಿದರೆ ಸಾಕು. ಒಂದು ರೋಲಿಗೆ 36 ಫೋಟೋ. ರೋಲಿನ ದುಡ್ಡು, ತೊಳೆಸುವ ದುಡ್ಡು, ಪ್ರಿಂಟಿನ ದುಡ್ಡು ಎಲ್ಲ ಬೇರೆ ಬೇರೆ. ಒಂದು ರೋಲು ಎರಡು ಹಬ್ಬಕ್ಕೆ ಬರಬೇಕಿತ್ತು. 1990ರ ಡಿಸೆಂಬರಿನಲ್ಲಿ ಬಾಗಲಕೋಟೆಗೆ ಹೋದಾಗ ಅಜ್ಜಿಯ ಮನೆಯ ನಾಲ್ಕು ಫೋಟೋ ತೆಗೆದೆ. ಆಮೇಲೆ ಮದುವೆ, ಮುಂಬಯಿ, ಮಕ್ಕಳು. ಕ್ಯಾಮೆರಾ ಟ್ರಂಕು ಸೇರಿತು. ಇತ್ತ ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದಿತು, ಕೃಷ್ಣೆಯ ನೀರು ಹಿಂದಕ್ಕೆ ಸರಿದು ಘಟಪ್ರಭೆಯ ಪಾತ್ರದಲ್ಲಿ ತುಂಬಿಕೊಂಡಿತು, ಹೊಳೆಯ ಕಡೆಯ ಓಣಿಗಳೆಲ್ಲ ಮುಳುಗಡೆಯಾದವು. ಜನ ನವನಗರಕ್ಕೆ ಹೋದರು. ಅಜ್ಜಿಯ ಮನೆ ಇದ್ದ ಜಾಗದಲ್ಲಿ ಈಗ ನೀರಿದೆ. ಆ ಮನೆ ಹೇಗಿತ್ತು ಎಂದು ನನ್ನ ಮಕ್ಕಳು ಕೇಳಿದರೆ ತೋರಿಸಲು ಇರುವುದು ಅಂಗೈಯಗಲದ ಆ ನಾಲ್ಕು ಪ್ರಿಂಟ್ ಮಾತ್ರ.

ಊರಿನ ಎತ್ತರದ ಭಾಗ ಇನ್ನೂ ಉಳಿದಿದೆ. ಅಲ್ಲಿ ನನ್ನ ಸೋದರತ್ತೆ ಇದ್ದಾರೆ, 84 ವರ್ಷ. ಈಗ ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲೇ ಒಪ್ಪಿಗೆ ಕೊಟ್ಟಿದೆ. ಏರಿಸಿದರೆ ಇನ್ನಷ್ಟು ಊರು ಹೋಗುತ್ತದೆ. ಬಿಜಾಪುರದ ಬರಡು ನೆಲಕ್ಕೆ ನೀರು ಬೇಡವೇ ಎಂದರೆ, ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅತ್ತೆಯ ಮನೆಯ ಫೋಟೋ ನಾಲ್ಕೇ ಆಗಬಾರದು ಎಂದು ಮನಸ್ಸಿಗೆ ಬಂತು.

ಮುಂಬಯಿಯಲ್ಲಿ ಕ್ಯಾಮೆರಾ ಬೇಕಾದವರು ಹೋಗುವುದು ಫೋರ್ಟಿಗೆ. ಸಿ.ಎಸ್.ಎಂ.ಟಿ. ಸ್ಟೇಷನ್ನಿಂದ ಹೊರಬಿದ್ದರೆ (ನನ್ನ ಬಾಯಲ್ಲಿ ಅದು ಈಗಲೂ ವಿ.ಟಿ.ಯೇ) ದಾದಾಭಾಯಿ ನವರೋಜಿ ರಸ್ತೆ, ಅದರ ಪಕ್ಕದಲ್ಲೇ ಬೋರಾ ಬಜಾರ್. ಗಾಜಿನ ಕಪಾಟುಗಳಲ್ಲಿ ಹೊಸದು, ಹಳೆಯದು, ಅಜ್ಜನ ಕಾಲದ್ದು ಎಲ್ಲ ಒಟ್ಟಿಗೆ ಕುಳಿತಿರುತ್ತವೆ. ಒಂದು ಕಪಾಟಿನ ಮೂಲೆಯಲ್ಲಿ ಅಗ್ಫಾ ಕ್ಲಿಕ್ ತ್ರೀ ಕಂಡು ಅಲ್ಲೇ ನಿಂತುಬಿಟ್ಟೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿಯಲ್ಲಿ ಒಂದು ರೋಲಿಗೆ ಹನ್ನೆರಡೇ ಫೋಟೋ. ನಿಮ್ಮ ಅಜ್ಜ ಅಜ್ಜಿಯ ಮದುವೆಯ ಆಲ್ಬಮ್ಮಿನಲ್ಲಿ ಚೌಕಾಕಾರದ ಕಪ್ಪು ಬಿಳುಪು ಪ್ರಿಂಟುಗಳಿದ್ದರೆ ಅದರಿಂದಲೇ ಬಂದಿರಬಹುದು.

ಅಂಗಡಿಗೆ ಹೋಗಿ "ಒಳ್ಳೆಯ ಕ್ಯಾಮೆರಾ ಕೊಡಿ" ಎಂದರೆ ಅವರು ತಮಗೆ ಒಳ್ಳೆಯದಾಗುವುದನ್ನೇ ಕೊಡುತ್ತಾರೆ. ಯಾವ ಊರಿಗೆ ಹೋಗುತ್ತೇನೆ, ಅಲ್ಲಿ ಏನಿದೆ, ಬೆಳಕು ಎಷ್ಟಿದೆ ಎಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಬೇಕು. ನನ್ನ ಲೆಕ್ಕ ಸರಳವಾಗಿತ್ತು. ಬಾದಾಮಿಯ ಗುಹೆಗಳ ಒಳಗೆ ಕತ್ತಲು. ಅತ್ತೆಯ ಮಣ್ಣಿನ ಮಾಳಿಗೆ ಮನೆಯಲ್ಲೂ ಕತ್ತಲು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ನನ್ನ ಕಣ್ಣಿಗೆ ಚಾಳೀಸು, ಮೊಣಕಾಲಿಗೆ ನೋವು, ಹೆಗಲಿಗೆ ಭಾರ ಆಗದು. ಕೈಯಲ್ಲಿ 30 ಸಾವಿರಕ್ಕಿಂತ ಹೆಚ್ಚಿಲ್ಲ.

ಅಂಗಡಿಯವರು ಮೊದಲು ಮುಂದಿಟ್ಟದ್ದು ಕ್ಯಾನನ್ ಎಸ್‌ಎಕ್ಸ್740, 2018ರ ಮಾದರಿ. 40 ಪಟ್ಟು ಝೂಮ್! ಗಿಡದ ತುದಿಯ ಹಕ್ಕಿ ಅಂಗೈಗೆ ಬಂದಂತೆ ಕಾಣುತ್ತದೆ. ಆದರೆ ಅದರ ಸೆನ್ಸರ್ ಸಾಧಾರಣ ಪುಟ್ಟ ಕ್ಯಾಮೆರಾಗಳದ್ದೇ, ಕಡಲೆಕಾಳಿನಷ್ಟು. ಸೆನ್ಸರ್ ಎಂದರೆ ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಕುಳಿತಿರುವ ಬೆಳಕಿನ ತಟ್ಟೆ. ತಟ್ಟೆ ದೊಡ್ಡದಿದ್ದಷ್ಟೂ ಹೆಚ್ಚು ಬೆಳಕು ಬೀಳುತ್ತದೆ, ಕತ್ತಲಲ್ಲಿ ಚಿತ್ರ ರವೆ ರವೆಯಾಗುವುದು ಕಡಿಮೆ. "ಒಂದು ಇಂಚಿನ ಸೆನ್ಸರ್" ಎಂದು ಡಬ್ಬಿಯ ಮೇಲೆ ಬರೆದಿರುವ ಕ್ಯಾಮೆರಾಗಳಿವೆಯಲ್ಲ, ಅವುಗಳಲ್ಲಿ ಈ ತಟ್ಟೆ ನಾಲ್ಕು ಪಟ್ಟು ವಿಸ್ತಾರ. ಅಳೆದು ನೋಡಿದರೆ ಅದೂ ಒಂದು ಇಂಚಿಲ್ಲ, 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯ ಹೆಸರು ಹಾಗೇ ಅಂಟಿಕೊಂಡು ಬಂದಿದೆ. ನಾಲ್ಕಾಣೆ ಹೋದರೂ ನಾವು "ನಾಲ್ಕಾಣೆ ಕಿಮ್ಮತ್ತಿಲ್ಲ" ಎನ್ನುವುದಿಲ್ಲವೇ, ಹಾಗೆ.

ಇನ್ನೊಂದು ಅಂಕಿ ಲೆನ್ಸಿನ ಬಾಯಿಯದು, ಅಪರ್ಚರ್. ಎಫ್/1.8, ಎಫ್/3.3 ಎಂದು ಲೆನ್ಸಿನ ಸುತ್ತ ಬರೆದಿರುತ್ತಾರೆ. ಅಂಕಿ ಚಿಕ್ಕದಿದ್ದಷ್ಟೂ ಬಾಯಿ ದೊಡ್ಡದು; ಮೊದಲು ತಲೆಕೆಳಗು ಎನಿಸಿದರೂ ಅಭ್ಯಾಸವಾಗುತ್ತದೆ. 1.8ರ ಲೆನ್ಸು 3.3ರ ಲೆನ್ಸಿಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಕತ್ತಲ ಮನೆಗೆ ಹೋಗುವವಳಿಗೆ 40 ಪಟ್ಟು ಝೂಮಿಗಿಂತ ಈ ಮೂರು ಪಟ್ಟು ಬೆಳಕೇ ದೊಡ್ಡದು. ಹಕ್ಕಿ ನೋಡಲು ರಂಗನತಿಟ್ಟಿಗೆ ಹೋಗುವವರಿದ್ದರೆ ನನ್ನ ಲೆಕ್ಕ ಕೇಳಬೇಡಿ, ಝೂಮೇ ತೆಗೆದುಕೊಳ್ಳಿ.

ರಿಕೋ ಜಿ.ಆರ್. 3 ಎಂಬ ಕ್ಯಾಮೆರಾ ಕಂಡು ಮನಸ್ಸು ಜಾರಿತ್ತು. 257 ಗ್ರಾಂ ತೂಕ, ಒಳಗೆ ದೊಡ್ಡ ಕ್ಯಾಮೆರಾಗಳ ಸೆನ್ಸರ್. ಆದರೆ ಝೂಮ್ ಇಲ್ಲವೇ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ, ಬೆಲೆ ಕೇಳಿದ ಮೇಲೆ ಮಾತೂ ಇಲ್ಲ.

ಆ ಕಿಂಡಿಯ ಬಗ್ಗೆ ಒಂದು ಮಾತು. ವ್ಯೂಫೈಂಡರ್ ನಿಮಗೆ ಬೇಡವಾಗಬಹುದು. ನಿಮ್ಮ ಕಣ್ಣು ಇನ್ನೂ ಎಳೆಯದು. ನನಗೆ ಹಿಂದಿನ ಪರದೆ ನೋಡಲು ಚಾಳೀಸು ಬೇಕು, ಎದುರಿನ ಗುಡಿ ನೋಡಲು ಬೇಡ. ಹಾಕಿ ತೆಗೆದು ಹಾಕಿ ತೆಗೆದು ಮಾಡುವಷ್ಟರಲ್ಲಿ ಎದುರಿನ ಆಡು ಹೋಗಿರುತ್ತದೆ. ಮೇಲಾಗಿ ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಯಾವ ಪರದೆಯೂ ಕಾಣುವುದಿಲ್ಲ. ಕಿಂಡಿ ಇದ್ದರೆ ಅದರ ಪಕ್ಕದಲ್ಲೊಂದು ಸಣ್ಣ ಕೀಲು ಇರುತ್ತದೆ, ನಮ್ಮ ಕಣ್ಣಿನ ನಂಬರಿಗೆ ಸರಿಯಾಗಿ ತಿರುಗಿಸಿಕೊಂಡರೆ ಕನ್ನಡಕದ ಹಂಗಿಲ್ಲ. ಹೀಗಾಗಿ ಕೊನೆಗೆ ನಿಂತದ್ದು ಸೋನಿ ಆರ್‌ಎಕ್ಸ್100ರ ಮೂರನೆಯ ಮಾದರಿಯ ಮೇಲೆ. 2014ರಲ್ಲಿ ಬಂದದ್ದು, ಒಂದು ಇಂಚಿನ ಸೆನ್ಸರ್, ಎಫ್/1.8ರಿಂದ 2.8ರ ಲೆನ್ಸು, 290 ಗ್ರಾಂ. ಕಿಂಡಿ ಮೈಯೊಳಗೇ ಅಡಗಿರುತ್ತದೆ. ಗುಂಡಿ ಸರಿಸಿದರೆ ಮೇಲೆ ಬರುತ್ತದೆ, ಆಮೇಲೆ ಬೆರಳಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಹತ್ತು ವರ್ಷ ಹಳೆಯದಾದರೇನು, ಬಾದಾಮಿಯ ಕಲ್ಲು ಹದಿನಾಲ್ಕು ನೂರು ವರ್ಷದ್ದು.

ಹಳೆಯದು ಕೊಳ್ಳುವವರು ಅಂಗಡಿಯಲ್ಲೇ ನಾಲ್ಕಾರು ಪರೀಕ್ಷೆ ಮಾಡಬೇಕು. ಲೆನ್ಸನ್ನು ಹೊರಗೆ ಒಳಗೆ ಹತ್ತು ಸಲ ಓಡಿಸಿ, ಕರಕರ ಸದ್ದು ಬರಬಾರದು. ಅಪರ್ಚರ್ ಅಂಕಿಯನ್ನು ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ಧೂಳು ಕುಳಿತಿದೆ. ಲೆನ್ಸು ಬಿಚ್ಚಲಾಗದ ಕ್ಯಾಮೆರಾದಲ್ಲಿ ಅದನ್ನು ನಾವು ಒರೆಸಲಾಗದು. ಈ ಪರೀಕ್ಷೆಯಲ್ಲಿ ಮೊದಲನೆಯದು ಫೇಲಾಯಿತು, ಎರಡನೆಯದು ಪಾಸಾಯಿತು. ಬ್ಯಾಟರಿ ಹಳೆಯದಾಗಿದ್ದರಿಂದ ಹೊಸದೊಂದು ಕೊಂಡೆ. "ಮಾವಶೀ, ಯಾರಿಗೆ, ಮಗನಿಗಾ?" ಎಂದು ಅಂಗಡಿಯ ಹುಡುಗ ಕೇಳಿದ. ನನಗೇ ಎಂದೆ. ಆಮೇಲೆ ಅವನು ಬಿಲ್ಲಿನ ಜೊತೆ ಮಣಿಕಟ್ಟಿಗೆ ಕಟ್ಟುವ ದಾರವೊಂದನ್ನು ಪುಕ್ಕಟೆ ಕೊಟ್ಟ. ಆ ದಾರದ ಉಪಕಾರ ಮುಂದೆ ಹೇಳುತ್ತೇನೆ.

2025ರ ಜನವರಿಯಲ್ಲಿ ಮಗಳೊಡನೆ ಹೊರಟೆ. ಮುಂಬಯಿಯಿಂದ ಗದಗದ ಕಡೆ ಹೋಗುವ ರೈಲು ರಾತ್ರಿ ಹೊರಟು ಸೊಲ್ಲಾಪುರ, ವಿಜಯಪುರದ ಮೇಲೆ ಹೋಗುತ್ತದೆ. ಆಲಮಟ್ಟಿ ದಾಟಿದ ಮೇಲೆ ಕೃಷ್ಣೆಯ ಸೇತುವೆ. ಕಿಟಕಿಯ ಎರಡೂ ಕಡೆ ಸಮುದ್ರದಂತೆ ನೀರು. ನನ್ನ ಮಗಳು "ಎಷ್ಟು ಚೆಂದ!" ಎಂದಳು. ಚೆಂದವೇ. ಬಾಗಲಕೋಟೆಯಲ್ಲಿ ಇಳಿಯದೆ ನೇರ ಬಾದಾಮಿಗೆ ಹೋದೆವು, ಅತ್ತೆಯ ಮನೆಯ ಕತ್ತಲಿಗೆ ಮೊದಲು ಗುಹೆಯ ಕತ್ತಲಲ್ಲಿ ಕೈ ಪಳಗಲಿ ಎಂದು. ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ, ಆಟೋ ಸಿಗುತ್ತದೆ.

ಕ್ಯಾಮೆರಾ ಎಂದರೆ ಲ್ಯಾಟಿನ್ನಿನಲ್ಲಿ ಕೋಣೆ ಎಂದರ್ಥ. ಇಂಗ್ಲಿಷ್ ಬಿ.ಎ.ಯಲ್ಲಿ ಓದಿದ್ದು ಬಾದಾಮಿಯ ಮೊದಲ ಗುಹೆಯಲ್ಲಿ ನಿಂತಾಗ ನೆನಪಾಯಿತು. ಮುಂದಿನಿಂದ ಮಾತ್ರ ಬೆಳಕು ಬರುವ, ಕಲ್ಲಿನಲ್ಲೇ ಕೊರೆದ ಕತ್ತಲ ಕೋಣೆ. ಹದಿನೆಂಟು ಕೈಯ ನಟರಾಜ ಹೊರಬದಿಯಲ್ಲಿದ್ದಾನೆ, ಅವನಿಗೆ ಬೆಳಕಿದೆ, ಮೊಬೈಲಿನಲ್ಲೂ ಸೊಗಸಾಗಿ ಬಂದ. ಒಳಗಿನ ಛಾವಣಿಯಲ್ಲಿ ಸುತ್ತಿಕೊಂಡ ನಾಗರಾಜನನ್ನು ಹಿಡಿಯಲು ನೆಲದ ಮೇಲೆ ಮಲಗಬೇಕೆಂದುಕೊಂಡಿದ್ದೆ. ಹಿಂದಿನ ಪರದೆಯನ್ನು ಓರೆ ಮಾಡಿ, ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಮೇಲ್ಮುಖವಾಗಿ ಹಿಡಿದರೆ ನಿಂತಲ್ಲೇ ಆಯಿತು. ಸ್ಟ್ಯಾಂಡ್ ಒಯ್ಯಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು ಗುಂಡಿ ಒತ್ತಿದರೆ ಕೈಯೇ ಸ್ಟ್ಯಾಂಡು. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಮೂರನೆಯ ಗುಹೆಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ. ಅದೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಶಾಸನದ ಅಕ್ಷರ ಚೆನ್ನಾಗಿ ಬರಬೇಕೆಂದರೆ ಬೆಳಕು ಎದುರಿನಿಂದಲ್ಲ, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಅಕ್ಷರದ ತಗ್ಗಿನಲ್ಲಿ ನೆರಳು ತುಂಬುತ್ತದೆ. ಕೆರೆಯಾಚೆ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನಕ್ಕೂ ಇದೇ ಉಪಾಯ. ಕನ್ನಡ ತ್ರಿಪದಿಯ ಮೊದಲ ಮಾದರಿ ಅದು, ನೋಡದೆ ಬರಬೇಡಿ.

ನನ್ನ ಕ್ಯಾಮೆರಾ ಸೋತದ್ದೂ ಉಂಟು. ಗುಹೆಯ ಮೆಟ್ಟಿಲಿನಿಂದ ಎದುರು ಗುಡ್ಡದ ಶಿವಾಲಯ ಅದರ ಝೂಮಿಗೆ ಬೆಂಕಿಪೆಟ್ಟಿಗೆಯಷ್ಟೇ ಬಂತು. ಮಗಳ ಮೊಬೈಲಿನಲ್ಲಿ ದೊಡ್ಡದಾಗಿ ಬಂತು. ಅವಳು ಅದನ್ನು ಮೂರು ಸಲ ತೋರಿಸಿದಳು. ಇನ್ನು ದಾರದ ವಿಷಯ. ಬಾದಾಮಿಯ ಕೋತಿಗಳಿಗೆ ಕೈಯಲ್ಲಿರುವುದು ಬಾಳೆಹಣ್ಣೋ ಕ್ಯಾಮೆರಾವೋ ಎಂಬ ಭೇದವಿಲ್ಲ. ಒಂದು ಮರಿಕೋತಿ ಜಗ್ಗಿಯೇ ಜಗ್ಗಿತು. ದಾರ ಮಣಿಕಟ್ಟಿನಲ್ಲಿದ್ದುದರಿಂದ 27,500 ರೂಪಾಯಿ ಉಳಿಯಿತು. ಸಂಜೆ ಕೆರೆಯ ಮೂಡಣ ದಂಡೆಯ ಭೂತನಾಥ ಗುಡಿಯ ಮೇಲೆ ಇಳಿಬಿಸಿಲು ಬಿದ್ದು ಕೆಂಪು ಕಲ್ಲು ಕೆಂಡವಾದಾಗ ಇಬ್ಬರೂ ಫೋಟೋ ಮರೆತು ಸುಮ್ಮನೆ ಕುಳಿತೆವು.

ಬಾಗಲಕೋಟೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಪಡಸಾಲೆ, ಅದರಾಚೆ ಅಡಿಗೆಮನೆ, ಮೇಲೆ ಒಂದೇ ಬೆಳಕಿಂಡಿ. ಮಗಳು ಮೊಬೈಲ್ ಎತ್ತಿದ ಕೂಡಲೇ ಅತ್ತೆ ಅದರೊಳಗೆ ಬಗ್ಗಿ ನೋಡಿ, "ಯಾರ ಜೋಡಿ ಮಾತಾಡಾಕತ್ತೀ ಕೂಸ? ಅತ್ತಾಗ ಯಾರದಾರ? ಆರಾಮ ಅದೀರೇನ್ರೀ?" ಎಂದು ಕೂಗತೊಡಗಿದರು. ಪುಣೆಯ ಮೊಮ್ಮಗ ದಿನಾ ವಿಡಿಯೋ ಕರೆ ಮಾಡುತ್ತಾನೆ. ಅವರ ಪಾಲಿಗೆ ಮೊಬೈಲ್ ಎಂದರೆ ಆಚೆ ಯಾರೋ ಇದ್ದಾರೆ ಎಂದೇ. ನಾನು ಕ್ಯಾಮೆರಾ ತೆಗೆದೆ. "ಓ, ಫೋಟೋ ತಗೀತೀ? ತಡಿಯವ್ವಾ, ಸೆರಗ ಸರಿ ಮಾಡ್ಕೋತೀನಿ" ಎಂದು ಇಳಕಲ್ ಸೀರೆಯ ಸೆರಗು ತಲೆಯ ಮೇಲೆಳೆದು, ಬೆನ್ನು ನೆಟ್ಟಗೆ ಮಾಡಿ, ಬೆಳಕಿಂಡಿಯ ಕೆಳಗೆ ಕುಳಿತರು. ನಗಲಿಲ್ಲ. ಅವರ ಕಾಲದಲ್ಲಿ ಫೋಟೋಕ್ಕೆ ಯಾರೂ ನಗುತ್ತಿರಲಿಲ್ಲ. ಕತ್ತಲ ಮನೆ, ಮೇಲಿನಿಂದ ಕೋಲಿನಂತೆ ಇಳಿದ ಬೆಳಕು, ಅದರಲ್ಲಿ ತೇಲುವ ಒಲೆಯ ಹೊಗೆ, ನಡುವೆ ಅತ್ತೆಯ ಮುಖ. ಎಫ್/1.8ಕ್ಕೆ ಕೊಟ್ಟ ದುಡ್ಡು ಆ ಒಂದು ಫೋಟೋದಲ್ಲಿ ಹುಟ್ಟಿತು.

ಎರಡು ದಿನದಲ್ಲಿ ಮನೆಯ ಮೂಲೆ ಮೂಲೆಯ 212 ಫೋಟೋ ತೆಗೆದೆ: ದೇವರ ಜಗಲಿ, ಒಳಕಲ್ಲು, ಸವೆದ ಹೊಸ್ತಿಲು, ರೊಟ್ಟಿ ಬಡಿಯುವ ಕೊಣಮಿಗೆ. ಡೊಂಬಿವಲಿಗೆ ಬಂದ ಮೇಲೆ 40 ಪ್ರಿಂಟ್ ಹಾಕಿಸಿ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಊರು, ತಾರೀಖು, ಹೆಸರು ಬರೆದು ಒಂದು ಸೆಟ್ಟು ಅತ್ತೆಗೆ ಕಳಿಸಿದೆ. 1990ರ ನಾಲ್ಕು ಪ್ರಿಂಟುಗಳನ್ನೂ ಅಲ್ಲಿಗೆ ಒಯ್ದಿದ್ದೆ. ಅವುಗಳ ಹಿಂದೆ ಬರೆಯಬೇಕಾದ ಹೆಸರುಗಳನ್ನು ಅತ್ತೆಯೇ ಹೇಳಿದರು. ನಾಲ್ಕನೆಯದರಲ್ಲಿ ಬಾಗಿಲ ಮರೆಯಿಂದ ಅರ್ಧ ಮುಖ ತೋರಿಸುತ್ತಿರುವ, ಪಟ್ಟೆ ಅಂಗಿಯ ಹುಡುಗ ಯಾರೆಂದು ಮಾತ್ರ ಅವರಿಗೂ ನೆನಪಾಗಲಿಲ್ಲ. ಈಗ ಅವನಿಗೆ ನಲವತ್ತರ ಮೇಲಾಗಿರಬೇಕು. ನಿಮ್ಮ ಮನೆಯಲ್ಲಿ ಬಾಗಲಕೋಟೆಯವರು ಯಾರಾದರೂ ಇದ್ದರೆ ಮುಂದಿನ ತಿಂಗಳ ಸಭೆಗೆ ಕರೆದುಕೊಂಡು ಬನ್ನಿ, ಪ್ರಿಂಟ್ ತಂದಿರುತ್ತೇನೆ.