ಆಕಾಶದ ಕಾಟ

ದೊಡ್ಡ ಜಿಗ್ಸಾ ಪಜಲ್‌ನಲ್ಲಿ ಮನೆ, ಮರ, ದೋಣಿ ಎಲ್ಲ ಬೇಗ ಕೂಡುತ್ತವೆ. ಸತಾಯಿಸೋದು ಆಕಾಶ. ಅಲ್ಲಿ ಬಣ್ಣ ನೆಚ್ಚಿಕೊಂಡರೆ ಕೆಟ್ಟಿರಿ. ಆಕಾರ ನೋಡಿ ವಿಂಗಡಿಸಬೇಕು, ಎರಡು ಕಿವಿಯವು ಒಂದು ತಟ್ಟೆಗೆ, ಮೂರು ಕಿವಿಯವು ಇನ್ನೊಂದಕ್ಕೆ. ಕೂತಿತು ಅನ್ನಿಸಿದರೂ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಆ ತುಂಡು ಅಲ್ಲಿಯದಲ್ಲ. ಇಂಥ ಪಜಲ್‌ಗಳ ಆರಂಭದ ದಿನಗಳಲ್ಲಿ, 1760ರ ದಶಕದಲ್ಲಿ, ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನು ಹಲಗೆಗೆ ಅಂಟಿಸಿ, ಗಡಿಗುಂಟ ಕೊಯ್ದು ಮಾರಿದ್ದು ಮಕ್ಕಳಿಗೆ ಭೂಗೋಳ ಕಲಿಸೋಕೆ. ಈಗ ರಾವೆನ್ಸ್‌ಬರ್ಗರ್ ಕಂಪನಿಯವರ ‘ಕ್ರಿಪ್ಟ್’ ಪಜಲ್‌ನಲ್ಲಿ ಚಿತ್ರವೇ ಇಲ್ಲ, ಬರೀ ಬೆಳ್ಳಿ ಬಣ್ಣದ 654 ತುಂಡು. ಕಲಿಯೋಕೆ ಏನೂ ಇಲ್ಲ, ಹಟ ಅಷ್ಟೆ. ನನಗೆ ಅದೇ ಇಷ್ಟ. ಊಟದ ಮೇಜು ಮಾತ್ರ ತಿಂಗಳುಗಟ್ಟಲೆ ಸಿಗಲ್ಲ. ಮನೆಯವರು ಗೊಣಗುತ್ತಾರೆ, ಗೊಣಗುತ್ತಲೇ ಒಂದು ತುಂಡು ಕೂರಿಸಿ ಹೋಗ್ತಾರೆ.