ಹೋದುದು ಹೋಗಲಿ

ಜಗಳವಾಡಿದ ಇಬ್ಬರನ್ನು ರಾಜಿ ಮಾಡಿಸುವಾಗ ಹಳ್ಳಿಯ ಹಿರಿಯರು ‘ಆದದ್ದು ಆಗಿಹೋಯಿತು, ಇನ್ನು ಬಿಡಿ’ ಎನ್ನುವುದುಂಟು. ಇಂಗ್ಲಿಷರು ಅಂತಹ ಸಂದರ್ಭದಲ್ಲಿ ‘ಲೆಟ್ ಬೈಗಾನ್ಸ್ ಬಿ ಬೈಗಾನ್ಸ್’ ಎನ್ನುತ್ತಾರೆ. ಕಳೆದುಹೋದ ಮನಸ್ತಾಪಗಳನ್ನು ಮತ್ತೆ ಕೆದಕುವುದು ಬೇಡ ಎಂಬುದು ಈ ನುಡಿಗಟ್ಟಿನ ತಾತ್ಪರ್ಯ.

ಈ ಮಾತು ಬಹಳ ಹಳೆಯದು. ಸ್ಕಾಟ್ಲೆಂಡಿನ ಪಾದ್ರಿ ಸ್ಯಾಮ್ಯುಅಲ್ ರುದರ್‌ಫರ್ಡ್ 1636ರ ಪತ್ರವೊಂದರಲ್ಲಿ, ತನಗೂ ದೇವರಿಗೂ ನಡುವಣ ಹಳೆಯದೆಲ್ಲ ಕಳೆದುಹೋಗಲೆಂದು ಪ್ರಾರ್ಥಿಸುವಂತೆ ಕೇಳಿಕೊಳ್ಳುವಾಗ ಇದೇ ಪದವನ್ನು ಬಳಸಿದ್ದಾನೆ. ಆ ನಾಡಿನ ಹಿಂದಿನ ಬಳಕೆಯಲ್ಲಿ ‘ಬೈಗಾನ್ಸ್’ ಎಂಬುದಕ್ಕೆ ಸಲ್ಲದೆ ಉಳಿದ ಬಾಕಿ ಎಂಬ ಅರ್ಥವೂ ಇದ್ದಿತು.

ಈ ಅರ್ಥವನ್ನು ನೆನೆದರೆ ನುಡಿಗಟ್ಟಿನ ಮರ್ಮ ತಿಳಿಯುತ್ತದೆ. ಬಾಕಿಯನ್ನು ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನದು. ನೆರೆಯವನ ಹೊಲದ ಬದುವನ್ನು ಒತ್ತಿದವನು, ಆ ನೆಲವನ್ನು ಬಿಟ್ಟುಕೊಡದೆ ‘ಹಳೆಯದನ್ನು ಮರೆಯೋಣ’ ಎಂದರೆ ಆ ಮಾತಿಗೆ ಏನು ಬೆಲೆ?

ಇದಕ್ಕೆ ದಕ್ಷಿಣ ಆಫ್ರಿಕದ ಇತಿಹಾಸವೇ ಸಾಕ್ಷಿ. ವರ್ಣಭೇದ ನೀತಿಯನ್ನು ಎದುರಿಸಿದ ನೆಲ್ಸನ್ ಮಂಡೇಲಾ 27 ವರ್ಷಗಳ ಸೆರೆವಾಸದ ಬಳಿಕ 1990ರಲ್ಲಿ ಬಿಡುಗಡೆ ಹೊಂದಿದರು. 1994ರಲ್ಲಿ ಅಧ್ಯಕ್ಷರಾದಾಗ, ಹಿಂದೆ ತಮ್ಮನ್ನು ಕಾದಿದ್ದ ಸೆರೆಮನೆಯ ಕಾವಲುಗಾರರನ್ನೂ ಸಮಾರಂಭಕ್ಕೆ ಆಹ್ವಾನಿಸಿದರು. ಕ್ಷಮಿಸುವ ಹಕ್ಕುಳ್ಳವರು ಕ್ಷಮಿಸಿದ ಪರಿ ಇದು.

ಆದರೆ ನಾಡಿನ ನೋವನ್ನು ಅವರು ಮುಚ್ಚಿಡಲಿಲ್ಲ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ‘ಸತ್ಯ ಮತ್ತು ಸಾಮರಸ್ಯ ಆಯೋಗ’ 1996ರಿಂದ ಬಹಿರಂಗ ವಿಚಾರಣೆ ನಡೆಸಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಜನರೆದುರು ತಮ್ಮ ದುಃಖವನ್ನು ತೋಡಿಕೊಂಡರು. ರಾಜಕೀಯ ಕಾರಣದಿಂದ ಅಪರಾಧವೆಸಗಿದವರು ಪೂರ್ಣ ಸತ್ಯವನ್ನು ನುಡಿದರೆ ಮಾತ್ರ ಕ್ಷಮಾದಾನ ಪಡೆಯಬಹುದಾಗಿತ್ತು. ಅದನ್ನೂ ಒಪ್ಪದವರಿದ್ದರು. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಮಡಿದ ಸ್ಟೀವ್ ಬಿಕೊ ಅವರ ಕುಟುಂಬದವರು ಈ ಏರ್ಪಾಡನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಸೋತರು. ಆದರೂ ಬಿಕೊ ಅವರ ಸಾವಿಗೆ ಸಂಬಂಧಿಸಿದ ಪೊಲೀಸರಿಗೆ 1999ರಲ್ಲಿ ಕ್ಷಮಾದಾನ ದೊರೆಯಲಿಲ್ಲ. ಮುಚ್ಚಿಟ್ಟ ಬಾಕಿ ಮನ್ನಾ ಆಗುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಶಾಲೆಯ ಅಂಗಳದ ಸಣ್ಣ ಜಗಳಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಗೆಳೆಯನ ಮನಸ್ಸನ್ನು ನೋಯಿಸಿದವನು ಮೊದಲು ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ‘ಹೋದುದು ಹೋಗಲಿ’ ಎಂಬ ಮಾತು ಆಮೇಲೆ ನೊಂದವನ ಬಾಯಿಂದ ಬರಬೇಕು. ಹಾಗೆ ಬಂದಾಗ ಅದಕ್ಕಿಂತ ಹಿರಿದಾದ ಕೊಡುಗೆ ಮತ್ತೊಂದಿಲ್ಲ.